ಕುಡಿತದ ಲೆಕ್ಕ ಕೇಳುವವರು ಬೇಕು



ಕಳೆದ ತಿಂಗಳು ನಮ್ಮ ಸಂಘದ ಒಬ್ಬ ಸದಸ್ಯನ ಶವವನ್ನು ಊರಿಗೆ ಕಳುಹಿಸಿದೆವು. ಕುಂದಾಪುರದ ಕಡೆಯವನು. ವಯಸ್ಸು ಮೂವತ್ತೆಂಟು. ದಾದರಿನ ಒಂದು ಹೋಟೆಲಿನಲ್ಲಿ ಬಹು ವರ್ಷ ಸಪ್ಲಾಯರ್ ಆಗಿದ್ದವನು. ರಾತ್ರಿ ಹನ್ನೊಂದಕ್ಕೆ ಸುದ್ದಿ ಬಂತು. ಬೆಳಗಾಗುವುದರೊಳಗೆ ಆಂಬುಲೆನ್ಸಿನ ಬಾಡಿಗೆ ಕೂಡಿತ್ತು. ಪಾತ್ರೆ ತೊಳೆಯುವ ಹುಡುಗರು ಕೂಡ ನೂರು ನೂರು ರೂಪಾಯಿ ಕೊಟ್ಟರು. ಕಷ್ಟ ಬಂದಾಗ ನಮ್ಮವರು ಒಗ್ಗೂಡುತ್ತಾರೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಆದರೆ ಆ ರಾತ್ರಿ ವಂತಿಗೆಯ ಪಟ್ಟಿ ಬರೆಯುತ್ತಿದ್ದಾಗ ನಮ್ಮನ್ನು ಒಂದು ಮಾತು ಕೊರೆಯುತ್ತಿತ್ತು. ಆತ ಕುಡಿಯುತ್ತಿದ್ದನೆಂದು ನಮಗೆಲ್ಲರಿಗೂ ಗೊತ್ತಿತ್ತು. ಬೆಳಿಗ್ಗೆ ಆತನ ಕೈಯಲ್ಲಿ ಕಪ್ಪು ಬಸಿ ನಡುಗುವುದನ್ನು ನೋಡಿ ನಾವು ನಕ್ಕದ್ದೂ ಉಂಟು. ಆತ ಸತ್ತ ಮೇಲೆ ನೂರು ರೂಪಾಯಿ ಕೊಟ್ಟವರಲ್ಲಿ ಒಬ್ಬನಾದರೂ, ಆತ ಬದುಕಿದ್ದಾಗ ಪಕ್ಕದಲ್ಲಿ ಕುಳಿತು "ಇವತ್ತು ಎಷ್ಟು ಕುಡಿದೆ, ಮಾರಾಯ?" ಎಂದು ಕೇಳಿದ್ದೆವೇ? ಬೈದವರು ಇದ್ದರು, ಬುದ್ಧಿ ಹೇಳಿದವರು ಇದ್ದರು, ಜೊತೆಗೆ ಕುಳಿತು ಕುಡಿದವರು ಎಲ್ಲರಿಗಿಂತ ಹೆಚ್ಚು ಇದ್ದರು. ಲೆಕ್ಕ ಕೇಳಿದವರು ಯಾರೂ ಇರಲಿಲ್ಲ.

ಆತ ಸತ್ತದ್ದು ಕುಡಿದಲ್ಲ, ಕುಡಿಯುವುದನ್ನು ಬಿಟ್ಟದ್ದರಿಂದ ಎಂಬುದು ಹಲವರಿಗೆ ಆಶ್ಚರ್ಯವಾದೀತು. ಊರಿನ ದೈವದ ನೇಮಕ್ಕೆ ಹೋಗುವ ಮೊದಲು ಶುದ್ಧನಾಗಬೇಕೆಂದು ಆಣೆ ಮಾಡಿ, ಯಾರಿಗೂ ಹೇಳದೆ, ಒಂದೇ ದಿನದಲ್ಲಿ ಪೂರ್ತಿ ಬಿಟ್ಟುಬಿಟ್ಟ. ಎರಡನೆಯ ದಿನ ಹೋಟೆಲಿನ ಅಟ್ಟದಲ್ಲಿ ಫಿಟ್ಸ್ ಬಂತು. ಆಸ್ಪತ್ರೆಗೆ ಒಯ್ಯುವಾಗ ತಡವಾಗಿತ್ತು. ಒಳ್ಳೆಯ ಮನಸ್ಸಿನಿಂದ ಮಾಡಿದ ಸಂಕಲ್ಪ, ಒಬ್ಬನೇ ಮಾಡಿದ ಕಾರಣಕ್ಕೆ, ಪ್ರಾಣ ತೆಗೆಯಿತು.

ಈ ಸಲದ ಸಂಪಾದಕೀಯವನ್ನು ಆತನ ನೆನಪಿನಲ್ಲಿ ಬರೆಯುತ್ತಿದ್ದೇವೆ. ಸಂಬಳದ ಮಾತು, ರಜೆಯ ಮಾತು ಮುಂದಿನ ಸಂಚಿಕೆಗೆ ಇರಲಿ.

ಆಣೆ ಮತ್ತು ಲೆಕ್ಕ

ನಮ್ಮವರಲ್ಲಿ ಕುಡಿತ ಬಿಡುವ ಆಣೆಗೆ ಬರಗಾಲವಿಲ್ಲ. ತಾಯಿಯ ತಲೆ ಮುಟ್ಟಿ ಆಣೆ, ಮಗುವಿನ ಮೇಲೆ ಆಣೆ, ಮಂಜುನಾಥನ ಮೇಲೆ ಆಣೆ. ಊರಿನಿಂದ ಹೊರಟ ಬಸ್ಸು ದಾದರಿಗೆ ಬಂದು ನಿಲ್ಲುವವರೆಗೆ ಆ ಆಣೆ ಗಟ್ಟಿಯಾಗಿರುತ್ತದೆ. ಮೊದಲ ಪಗಾರದ ರಾತ್ರಿ ಅದು ಮುರಿಯುತ್ತದೆ. ಮುರಿದ ಮೇಲೆ ನಾಚಿಕೆ, ನಾಚಿಕೆ ಮರೆಯಲು ಮತ್ತೊಂದು ಕ್ವಾರ್ಟರ್. ಹೀಗೆ ಆಣೆಯೇ ಕುಡಿತಕ್ಕೆ ಕಾರಣವಾದದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಹಾಗಾದರೆ ನಮ್ಮವರಿಗೆ ಮನಸ್ಸಿನ ಬಲವಿಲ್ಲವೋ? ಈ ಮಾತನ್ನು ನಾವು ಒಪ್ಪುವುದಿಲ್ಲ. ಶಬರಿಮಲೆಗೆ ಮಾಲೆ ಹಾಕಿದವರನ್ನು ನೋಡಿ. ವರ್ಷವಿಡೀ ದಿನ ತಪ್ಪದೆ ಕುಡಿಯುತ್ತಿದ್ದವನು ಮಾಲೆ ಬಿದ್ದೊಡನೆ ನಲವತ್ತೊಂದು ದಿನ ಹನಿ ಮುಟ್ಟುವುದಿಲ್ಲ. ಇದೇ ಮುಂಬಯಿ, ಇದೇ ಹೋಟೆಲು, ಇದೇ ದಣಿವು. ಆದರೂ ನಡೆಯುತ್ತದೆ. ಹೇಗೆ ನಡೆಯುತ್ತದೆ? ಒಂದು, ಆತ ಒಬ್ಬನೇ ಅಲ್ಲ. ಜೊತೆಗೆ ಹತ್ತು ಸ್ವಾಮಿಗಳು ಇದ್ದಾರೆ. ಎರಡು, ದಿನಕ್ಕೆ ಎರಡು ಸಲ ಸ್ನಾನ, ಸಂಜೆ ಭಜನೆ. ಬಾರದಿದ್ದರೆ ಗುರುಸ್ವಾಮಿ ಕೇಳುತ್ತಾರೆ. ಮೂರು, ಮೈಮೇಲಿನ ಕಪ್ಪು ಬಟ್ಟೆಯನ್ನು ಕಂಡು ಬಾರಿನವನೇ "ಸ್ವಾಮಿ, ನೀವು ಇಲ್ಲಿ?" ಎನ್ನುತ್ತಾನೆ. ಮಾಲೆ ತೆಗೆದ ಮರುದಿನ ಹತ್ತು ಸ್ವಾಮಿಗಳು ಹತ್ತು ದಾರಿಗೆ ಹೋಗುತ್ತಾರೆ, ಕೇಳುವ ಗುರುಸ್ವಾಮಿ ಇಲ್ಲ, ಬಟ್ಟೆ ಇಲ್ಲ. ಅಂದು ರಾತ್ರಿಯೇ ಬಾಟ್ಲಿ ತೆರೆಯುತ್ತದೆ. ನಮ್ಮ ಮರಾಠಿ ಸೋದರರಲ್ಲಿಯೂ ಇದೇ ಕಥೆ. ಶ್ರಾವಣ ಪೂರ್ತಿ ಮುಟ್ಟದವರು ಇದ್ದಾರೆ. ಅದರ ಹಿಂದಿನ ಗಟಾರಿ ಅಮಾವಾಸ್ಯೆಗೆ ತಿಂಗಳಿನದ್ದನ್ನೆಲ್ಲ ಒಂದೇ ರಾತ್ರಿ ಕುಡಿಯುವವರೂ ಅವರೇ.

ಇದರಿಂದ ಕಲಿಯಬೇಕಾದದ್ದು ಇಷ್ಟು: ಬಿಡುವ ಶಕ್ತಿ ನಮ್ಮಲ್ಲಿ ಇದೆ. ಅದನ್ನು ಹಿಡಿದು ನಿಲ್ಲಿಸಿದ್ದು ಜೊತೆಗಾರರು ಮತ್ತು ದಿನದಿನದ ಕೇಳುವಿಕೆ. ಅವೆರಡೂ ಹೋದಾಗ ಶಕ್ತಿಯೂ ಹೋಯಿತು. ಹಾಗಿದ್ದರೆ ನಲವತ್ತೆರಡನೆಯ ದಿನವೂ ಕೇಳುವವರು ಇರುವಂತೆ ನಾವೇಕೆ ಏರ್ಪಾಡು ಮಾಡಬಾರದು?

ಹೋಟೆಲಿನವರಿಗೆ ಈ ಮಾತು ಬೇಗ ತಿಳಿಯಬೇಕು. ಯಾವ ಧನಿಯೂ ಗಲ್ಲಾದ ಲೆಕ್ಕವನ್ನು ವರ್ಷಕ್ಕೊಮ್ಮೆ ನೋಡುವುದಿಲ್ಲ. ಶಟರ್ ಎಳೆದೊಡನೆ ಆ ದಿನದ ಬಿಲ್ಲು, ಆ ದಿನದ ನಗದು ಎಣಿಸಿ ತಾಳೆ ನೋಡುತ್ತಾನೆ. ಇಪ್ಪತ್ತು ರೂಪಾಯಿ ಕಡಿಮೆ ಬಂದರೆ ಅಂದೇ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ನೋಡಿದರೆ ಅಂಗಡಿಯೇ ಮುಳುಗೀತು. ಧನಿಯ ಹಣಕ್ಕೆ ಇಷ್ಟು ಕಾವಲು ಇರುವಾಗ ಕಾರ್ಮಿಕನ ದೇಹಕ್ಕೆ ದಿನದ ಲೆಕ್ಕ ಬೇಡವೇ?

ಕಾನೂನು ಎಷ್ಟು ಮಾಡೀತು?

ಕೆಲವರು ಹೇಳುವುದುಂಟು: ಸರಕಾರ ಅಂಗಡಿ ಮುಚ್ಚಿಸಲಿ, ಎಲ್ಲ ಸರಿಹೋಗುತ್ತದೆ ಎಂದು. ಮುಂಬಯಿಗೆ ಈ ಅನುಭವ ಹೊಸತಲ್ಲ. 1939ರ ಆಗಸ್ಟ್ 1ರಂದು ಈ ನಗರದಲ್ಲಿ ಮೊದಲ ಬಾರಿ ಪಾನನಿರೋಧ ಬಂತು. ಸ್ವಾತಂತ್ರ್ಯಾನಂತರ 1949ರ ಪಾನನಿರೋಧ ಕಾನೂನು ಬಂದು, 1950ರಿಂದ ಇಡೀ ಮುಂಬಯಿ ರಾಜ್ಯಕ್ಕೆ ಬಿಗಿಯಾಯಿತು. ಹಿರಿಯರನ್ನು ಕೇಳಿದರೆ ಆ ಕಾಲದ ಹಾತಭಟ್ಟಿಯ ಕಥೆ ಹೇಳುತ್ತಾರೆ. ಸೈಕಲಿನ ಟ್ಯೂಬಿನಲ್ಲಿ ತುಂಬಿ ತಂದ ದಾರುವಿನ ಕಥೆ ಹೇಳುತ್ತಾರೆ. ಅರವತ್ತರ ದಶಕದಿಂದ ಕಾನೂನು ಸಡಿಲವಾಗುತ್ತ ಬಂತು, ಎಪ್ಪತ್ತರ ದಶಕದಲ್ಲಿ ಪರ್ಮಿಟ್ ರೂಮುಗಳು ಬೀದಿ ಬೀದಿಗೆ ಎದ್ದವು. ಆ ಪರ್ಮಿಟ್ ರೂಮುಗಳಲ್ಲಿ ಬಹಳಷ್ಟನ್ನು ನಡೆಸಿದವರು ನಮ್ಮ ಊರಿನವರೇ, ಬಾಟ್ಲಿ ಎತ್ತಿ ಬಡಿಸಿದವರು ನಮ್ಮ ಹುಡುಗರೇ ಎಂಬುದನ್ನು ಮರೆಮಾಡಿ ಪ್ರಯೋಜನವಿಲ್ಲ.

ನಮ್ಮ ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಲ್ಲಿಸಿದರು. ಎಷ್ಟೋ ತಾಯಂದಿರು ಹರಸಿದರು. ಆದರೆ ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪೊಟ್ಟಣ ಬಂತು. ಇನ್ನು ಕಳ್ಳಭಟ್ಟಿಯ ಸಂಗತಿ: 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಬಡವರು ಸತ್ತರು. 2015ರ ಜೂನಿನಲ್ಲಿ ಇದೇ ಮುಂಬಯಿಯ ಮಾಲಾಡಿನ ಮಾಲವಣಿಯಲ್ಲಿ ನೂರಕ್ಕೂ ಹೆಚ್ಚು ಕೂಲಿಕಾರರು ಸತ್ತರು. ಅದರಲ್ಲಿದ್ದದ್ದು ಮೆಥನಾಲ್ ಎಂಬ ವಿಷ. ಮೊದಲು ಕಣ್ಣು, ನಂತರ ಪ್ರಾಣ ತೆಗೆಯುವಂಥದು. ಕಾನೂನು ಬೇಡವೆಂದು ನಾವು ಹೇಳುವುದಿಲ್ಲ. ಕಾನೂನು ಅಂಗಡಿಯ ಬಾಗಿಲನ್ನು ಮುಚ್ಚಬಹುದು. ರಾತ್ರಿ ಹನ್ನೆರಡಕ್ಕೆ ದಣಿದು ಬಂದವನ ಕೈ ಹಿಡಿಯಲು ಪಕ್ಕದ ಚಾಪೆಯಲ್ಲಿ ಮಲಗುವವನೇ ಬೇಕು.

ಬೇರೆಯವರು ಮಾಡಿ ತೋರಿಸಿದ್ದು

ಈ ದಾರಿ ನಾವು ಕಂಡುಹಿಡಿದದ್ದಲ್ಲ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಡಾಕ್ಟರು ಭೇಟಿಯಾದರು. ಇಬ್ಬರೂ ಕುಡಿದು ಹಾಳಾದವರು, ಆಣೆ ಮಾಡಿ ಸೋತವರು. ಒಬ್ಬ ಕುಡುಕನಿಗೆ ಮತ್ತೊಬ್ಬ ಕುಡುಕ ಹೇಳಿದ ಮಾತು ನಾಟುತ್ತದೆ, ಸಹಾಯ ಮಾಡಲು ಹೋದವನಿಗೇ ಅದರಿಂದ ಸಹಾಯವಾಗುತ್ತದೆ ಎಂಬುದನ್ನು ಅವರು ಕಂಡರು. ಅದರಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಹುಟ್ಟಿತು. ಹೆಸರು ಹೇಳಬೇಕಾಗಿಲ್ಲ, ಫೀಸು ಇಲ್ಲ, ಮೇಲು ಕೀಳು ಇಲ್ಲ. "ಜನ್ಮವಿಡೀ ಕುಡಿಯುವುದಿಲ್ಲ" ಎಂಬ ಆಣೆಯನ್ನೂ ಅವರು ಕೇಳುವುದಿಲ್ಲ. ಈ ದಿನ ಒಂದು ಕುಡಿಯದಿದ್ದರೆ ಸಾಕು, ನಾಳೆಯದು ನಾಳೆಗೆ. ಈ ಕೂಟ 1957ರಲ್ಲಿ ನಮ್ಮ ಮುಂಬಯಿಗೆ ಬಂತು. ಬಾಂದ್ರಾದಲ್ಲಿ 1981ರಲ್ಲಿ ಫಾದರ್ ಜೋ ಪಿರೇರಾ ಅವರು ಶುರುಮಾಡಿದ ಕೃಪಾ ಸಂಸ್ಥೆಯೂ ಕುಡಿತಕ್ಕೆ ಸಿಕ್ಕಿದವರ ಜೊತೆ ನಿಂತಿದೆ.

ಅಮೆರಿಕ ಏಕೆ, ನಮ್ಮ ಊರಿನದನ್ನೇ ನೋಡೋಣ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯವರು ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುವುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಶಾಲೆಯಲ್ಲೋ, ದೇವಸ್ಥಾನದ ಸಭಾಭವನದಲ್ಲೋ ಎಂಟು ದಿನ ಒಟ್ಟಿಗೆ ಇರಿಸಿ, ಔಷಧಿ, ಊಟ, ಭಜನೆ, ಮಾತುಕತೆ ಎಲ್ಲ ನಡೆಸುತ್ತಾರೆ. ಶಿಬಿರದ ವಿಷಯ ಎಲ್ಲರೂ ಮಾತನಾಡುತ್ತಾರೆ. ಆದರೆ ಶಿಬಿರ ಮುಗಿದ ಮೇಲೆ ಅವರು ಮಾಡುವ ಕೆಲಸವೇ ಹೆಚ್ಚಿನದು. ಅಲ್ಲಿ ಕುಡಿತ ಬಿಟ್ಟವರನ್ನೇ ಸೇರಿಸಿ "ನವಜೀವನ ಸಮಿತಿ" ಎಂದು ಮಾಡುತ್ತಾರೆ. ಅವರು ಕೂಡುತ್ತಾರೆ, ಬಾರದವನ ಮನೆಗೆ ಹೋಗಿ ಕೇಳುತ್ತಾರೆ. ನಾರಾಯಣ ಗುರುಗಳು 1912ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದವರು. ಮದ್ಯವನ್ನು ವಿಷವೆಂದೇ ಕರೆದು, ಮಾಡಬೇಡಿ, ಮಾರಬೇಡಿ, ಕುಡಿಯಬೇಡಿ ಎಂದು ಬೋಧಿಸಿದವರು. ಮೂರ್ತೆಗಾರರ ಮಕ್ಕಳಿಗೇ ಈ ಮಾತು ಹೇಳಲು ಎಷ್ಟು ಧೈರ್ಯ ಬೇಕಿತ್ತು ಯೋಚಿಸಿ. ಅವರ ಬೋಧನೆ ಉಳಿದದ್ದು ಸಂಘಟನೆಯ ಜೊತೆಗೆ ಸೇರಿದ್ದರಿಂದ.

ನನ್ನ ಸ್ವಂತ ಲೆಕ್ಕ

ಸಂಪಾದಕೀಯದಲ್ಲಿ "ನಾನು" ಎನ್ನಬಾರದೆಂದು ಹಿರಿಯರು ಹೇಳಿಕೊಟ್ಟಿದ್ದಾರೆ. ಇವತ್ತೊಂದು ದಿನ ಕ್ಷಮಿಸಬೇಕು. ತಾನು ನೀರಿಗೆ ಇಳಿಯದೆ ದಡದಲ್ಲಿ ನಿಂತು ಈಜು ಹೇಳಿಕೊಡುತ್ತಾನೆ ಎಂದು ಯಾರೂ ತಿಳಿಯಬಾರದು.

ನಾನು ಏಳನೆಯ ತರಗತಿ ಮುಗಿಸಿ, ಎರಡು ವರ್ಷ ಊರಲ್ಲಿ ಕೂಲಿ ಮಾಡಿ, ಈ ನಗರಕ್ಕೆ ಬಂದವನು. ಟೇಬಲ್ ಒರೆಸಿದೆ, ಸಪ್ಲಾಯರ್ ಆದೆ, ನಂತರ ಒಂದು ಪರ್ಮಿಟ್ ರೂಮಿಗೆ ಸೇರಿದೆ. ಗಿರಾಕಿ ಎದ್ದು ಹೋದ ಮೇಲೆ ಗ್ಲಾಸಿನ ತಳದಲ್ಲಿ ಉಳಿದದ್ದನ್ನು ಒಳಗೆ ಒಯ್ಯುವಾಗ ಕುಡಿಯುವುದನ್ನು ಅಲ್ಲಿ ಕಲಿತೆ. ದುಡ್ಡು ಕೊಟ್ಟು ಕುಡಿದದ್ದಲ್ಲ, ಆದುದರಿಂದ ಅದು ಕುಡಿತವೇ ಅಲ್ಲ ಎಂದುಕೊಂಡೆ. ಮೂರು ವರ್ಷದಲ್ಲಿ ದಿನಕ್ಕೊಂದು ಕ್ವಾರ್ಟರ್ ಆಯಿತು. ತಂಗಿಯ ಮದುವೆಗೆಂದು ಧನಿಯಿಂದ ತೆಗೆದುಕೊಂಡ ಅಡ್ವಾನ್ಸಿನಲ್ಲಿ ಅರ್ಧ ಊರಿಗೆ ಮುಟ್ಟಲೇ ಇಲ್ಲ. ಊರಿನಲ್ಲಿ ಅವ್ವ ಆ ಅರ್ಧವನ್ನು ಸೊಸೈಟಿಯಿಂದ ಸಾಲ ತಂದಳು. ಮದುವೆಯ ದಿನ ಎಲ್ಲರೆದುರು ಒಂದು ಮಾತೂ ಆಡಲಿಲ್ಲ. ಆ ಮೌನ ಇಂದಿಗೂ ನನ್ನ ಕಿವಿಯಲ್ಲಿದೆ.

ನಂತರ ಕೆಲಸ ಬದಲಾಯಿಸಿ ಒಂದು ಊಟದ ಹೋಟೆಲಿಗೆ ಬಂದೆ. ಅಲ್ಲಿ ಭಟ್ಟಿಯ ಮೇಲಿದ್ದ ಅಡುಗೆಯವರು, ನಾವೆಲ್ಲ ಅಣ್ಣ ಎನ್ನುತ್ತಿದ್ದವರು, ಊರಿನ ಶಿಬಿರದಲ್ಲಿ ಕುಡಿತ ಬಿಟ್ಟು ಬಂದವರಾಗಿದ್ದರು. ಅವರು ನನಗೆ ಒಂದು ದಿನವೂ ಬುದ್ಧಿ ಹೇಳಲಿಲ್ಲ. ರಾತ್ರಿ ಮಲಗುವ ಮೊದಲು ಒಂದೇ ಮಾತು: "ಇವತ್ತು ಎಷ್ಟು, ತಮ್ಮಾ?" ನಾನು "ಏನೂ ಇಲ್ಲ ಅಣ್ಣ" ಎನ್ನುತ್ತಿದ್ದೆ. ಅವರು ತರಕಾರಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಸೊನ್ನೆ ಬರೆಯುತ್ತಿದ್ದರು. ನನ್ನ ಬಾಯಿಯ ವಾಸನೆ ಅವರಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಆದರೂ ನಾನು ಹೇಳಿದ್ದನ್ನೇ ಬರೆದರು. ಹೀಗೆ ಹನ್ನೊಂದು ಸೊನ್ನೆ ಆಯಿತು. ಹನ್ನೆರಡನೆಯ ರಾತ್ರಿ ಆ ಸೊನ್ನೆಗಳನ್ನು ನೋಡಲು ನನ್ನಿಂದ ಆಗಲಿಲ್ಲ. "ಒಂದು ಕ್ವಾರ್ಟರ್, ಅಣ್ಣ. ದಿನಾಲೂ ಒಂದು ಕ್ವಾರ್ಟರ್" ಎಂದೆ. ಅವರು ಹಿಂದಿನ ಸೊನ್ನೆಗಳನ್ನು ಹೊಡೆದು ಹಾಕಿ "ಸರಿ, ಇವತ್ತು ಲೆಕ್ಕ ತಾಳೆ ಬಂತು" ಎಂದು ದೀಪ ಆರಿಸಿದರು.

ಅಂದಿನಿಂದ ನಾನು ಇಳಿಸತೊಡಗಿದೆ. ಕ್ವಾರ್ಟರ್ ಇದ್ದದ್ದು ಅರ್ಧವಾಯಿತು, ನಂತರ ದಿನ ಬಿಟ್ಟು ದಿನವಾಯಿತು, ನಂತರ ನಿಂತಿತು. ನಲವತ್ಮೂರು ದಿನ ನಿಂತದ್ದು ಪಗಾರದ ರಾತ್ರಿ ಮತ್ತೆ ಶುರುವಾಯಿತು. ಆ ರಾತ್ರಿ ನಾನು ಲೆಕ್ಕ ಕೊಡಲು ಹೋಗಲಿಲ್ಲ. ಒಂದು ಗಂಟೆಗೆ ಅಣ್ಣ ಟಿಳಕ್ ಬ್ರಿಜ್ಜಿನ ಕೆಳಗೆ ನನ್ನನ್ನು ಹುಡುಕಿಕೊಂಡು ಬಂದರು. ಬೆಳಿಗ್ಗೆ ಐದಕ್ಕೆ ಭಟ್ಟಿ ಹಚ್ಚಬೇಕಾದ ಮನುಷ್ಯ. ಬೈಯಲಿಲ್ಲ. ಚಹಾ ಕುಡಿಸಿ, "ನಲವತ್ಮೂರು ದಿನ ಇತ್ತಲ್ಲ, ಅದು ಎಲ್ಲಿಗೂ ಹೋಗಿಲ್ಲ. ನಾಳೆ ಒಂದು ಎಂದು ಬರೆಯೋಣ" ಎಂದರು. ನನ್ನನ್ನು ಉಳಿಸಿದ್ದು ಈ ಮಾತು. ಅವರು ಈಗ ಊರಿನಲ್ಲಿದ್ದಾರೆ. ಹೆಸರು ಬರೆಯಬೇಡ ಎಂದಿದ್ದಾರೆ.

ಏನು ಮಾಡಬೇಕು?

ಸಂಘದ ಮುಂದೆ ನಾವು ಇಡುವ ಸೂಚನೆ ಹೀಗಿದೆ. ಕುಡಿತ ಕಡಿಮೆ ಮಾಡಬೇಕು ಅಥವಾ ಬಿಡಬೇಕು ಎನ್ನುವ ಪ್ರತಿಯೊಬ್ಬನಿಗೂ ಒಬ್ಬ ಜೋಡಿ ಇರಲಿ. ಜೋಡಿ ಧನಿಯ ಕಡೆಯವನಾಗಬಾರದು, ಸಾಲ ಕೊಟ್ಟವನಾಗಬಾರದು. ಒಂದೇ ಹೋಟೆಲಿನಲ್ಲಿ ಅಥವಾ ಒಂದೇ ಖೋಲಿಯಲ್ಲಿ ಮಲಗುವವನಾದರೆ ಒಳ್ಳೆಯದು. ತಾನೂ ಬಿಡುತ್ತಿರುವವನಾದರೆ ಇನ್ನೂ ಒಳ್ಳೆಯದು. ಶಟರ್ ಎಳೆದ ಮೇಲೆ ಎರಡು ನಿಮಿಷ. ಒಬ್ಬ ಕೇಳಬೇಕು, ಒಬ್ಬ ಹೇಳಬೇಕು, ಪುಸ್ತಕದಲ್ಲಿ ಅಂಕೆ ಬೀಳಬೇಕು. ಬೇರೆ ಬೇರೆ ಕಡೆ ಇರುವವರಿಗೆ ಮೊಬೈಲು ಇದೆ. ಊರಿಗೆ ಹೋದಾಗಲೂ ರಾತ್ರಿ ಒಂದು ಫೋನು ತಪ್ಪಬಾರದು. ಪುಸ್ತಕದಲ್ಲಿ ಹೆಸರು ಬೇಡ, ಗುರುತು ಸಾಕು. ಅಂಕೆ ನೋಡಿ ಬೈಯಬಾರದು, ನಗಬಾರದು, ಮೂರನೆಯವನಿಗೆ ಹೇಳಬಾರದು. ಒಂದು ರಾತ್ರಿ ಲೆಕ್ಕ ಬಾರದಿದ್ದರೆ ಜೋಡಿ ಎದ್ದು ಹುಡುಕಿಕೊಂಡು ಹೋಗಬೇಕು. ವಾರದ ರಜೆಯ ದಿನ ಎಲ್ಲ ಜೋಡಿಗಳೂ ಸಂಘದ ಕೊಠಡಿಯಲ್ಲಿ ಒಂದು ಗಂಟೆ ಕೂಡಬೇಕು. ಭಾಷಣ ಬೇಡ, ಚಹಾ ಸಾಕು.

ಎಣಿಸುವುದು ಹೇಗೆ ಎಂದು ಕೇಳುತ್ತೀರಿ. 30 ಮಿಲಿಯ ಒಂದು ಪೆಗ್ ಅಂದರೆ ಒಂದು. ಕ್ವಾರ್ಟರ್ ಅಂದರೆ 180 ಮಿಲಿ, ಆರು. "ನಾನು ಬಿಯರ್ ಮಾತ್ರ" ಎನ್ನುವವರು ಕೇಳಿರಿ: 650 ಮಿಲಿಯ ಸ್ಟ್ರಾಂಗ್ ಬಿಯರ್ ಒಂದು ಬಾಟ್ಲಿಯಲ್ಲಿ ಸುಮಾರು ನಾಲ್ಕು ಪೆಗ್ಗಿನ ಮದ್ಯ ಇರುತ್ತದೆ. ಗ್ಲಾಸಿನ ತಳದ್ದೂ ಲೆಕ್ಕಕ್ಕೆ ಸೇರಬೇಕು. ಒಂದು ಪೆಗ್ ಮೈಯಿಂದ ಇಳಿಯಲು ಸುಮಾರು ಒಂದು ಗಂಟೆ ಬೇಕು. ರಾತ್ರಿ ಒಂದಕ್ಕೆ ಕ್ವಾರ್ಟರ್ ಮುಗಿಸಿದವನು ಬೆಳಿಗ್ಗೆ ಐದಕ್ಕೆ ಕಾದ ಎಣ್ಣೆಯ ಬಾಣಲೆಯ ಮುಂದೆ ನಿಂತಾಗ ಅದು ಇನ್ನೂ ರಕ್ತದಲ್ಲೇ ಇರುತ್ತದೆ. ಹಣದ ಲೆಕ್ಕವನ್ನೂ ಮಾಡಿ. ದಿನಕ್ಕೆ ನೂರು ರೂಪಾಯಿ ಎಂದರೆ ತಿಂಗಳಿಗೆ 3,000, ವರ್ಷಕ್ಕೆ 36,500. ಉಳಿದ ನೂರನ್ನು ಅಂದೇ ಜೋಡಿಯ ಎದುರು ಬೇರೆ ಡಬ್ಬಿಗೆ ಹಾಕಿ, ವಾರಕ್ಕೊಮ್ಮೆ ಬ್ಯಾಂಕಿಗೆ ಕಟ್ಟಿ.

ಕಡಿಮೆ ಮಾಡಿದರೆ ಸಾಕೋ, ಪೂರ್ತಿ ಬಿಡಬೇಕೋ? ಎಲ್ಲರಿಗೂ ಒಂದೇ ಉತ್ತರವಿಲ್ಲ. ಎಷ್ಟು ಕಡಿಮೆಯಾದರೂ ಅಷ್ಟು ಲಾಭ. ಇಷ್ಟು ಕುಡಿದರೆ ಅಪಾಯವೇ ಇಲ್ಲ ಎಂಬ ಅಳತೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿದೆ. 2019ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 26 ಲಕ್ಷ ಜನ ಮದ್ಯದ ಕಾರಣದಿಂದ ಸತ್ತರೆಂದು ಅದೇ ಸಂಸ್ಥೆಯ ಲೆಕ್ಕ. ಒಂದು ಪೆಗ್ ಎಂದು ಶುರುಮಾಡಿ ಒಂದಕ್ಕೆ ನಿಲ್ಲಿಸಲು ಬಾರದವನಿಗೆ ಪೂರ್ತಿ ಬಿಡುವುದೇ ಸುಲಭ. ನಾನು ಆ ಜಾತಿಯವನು. ತಿಂಗಳ ಪುಸ್ತಕವನ್ನು ತೆರೆದು ನೋಡಿದರೆ ನೀವು ಯಾವ ಜಾತಿ ಎಂಬುದು ನಿಮಗೇ ತಿಳಿಯುತ್ತದೆ.

ಈ ಎಚ್ಚರಿಕೆ ಮರೆಯಬೇಡಿ

ಈಗ ಹೇಳುವ ಮಾತನ್ನು ಓದಲು ಬಾರದವರಿಗೂ ಓದಿ ಹೇಳಿ. ಬೆಳಿಗ್ಗೆ ಎದ್ದೊಡನೆ ಕೈ ನಡುಗುವವನು, ಬೆವರುವವನು, ನಡುಕ ನಿಲ್ಲಿಸಲು ಬೆಳಿಗ್ಗೆಯೇ ಒಂದು ಗುಟುಕು ಬೇಕಾಗುವವನು ಒಂದೇ ಸಲಕ್ಕೆ ತಾನಾಗಿ ಬಿಡಬಾರದು. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದ ದೇಹಕ್ಕೆ ಮದ್ಯ ಥಟ್ಟನೆ ನಿಂತರೆ ಮೊದಲ ದಿನ ನಡುಕ ಮತ್ತು ನಿದ್ರೆ ಇಲ್ಲದಿರುವುದು, ಎರಡು ದಿನದೊಳಗೆ ಫಿಟ್ಸ್, ಎರಡರಿಂದ ನಾಲ್ಕು ದಿನದೊಳಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಬರಬಹುದು. ಅದನ್ನು ಭೂತ ಹಿಡಿಯಿತೆಂದು ತಿಳಿದು ತಾಯಿತ ಕಟ್ಟುತ್ತ ಕೂರಬೇಡಿ. ಅದು ಪ್ರಾಣಕ್ಕೆ ಬರುವ ರೋಗ, ಅದಕ್ಕೆ ಔಷಧಿ ಇದೆ. ದಾದರಿನಿಂದ ಪರೇಲಿನ ಕೆ.ಇ.ಎಂ. ಆಸ್ಪತ್ರೆ ಎಷ್ಟು ದೂರ? ಆ ಕಡೆಯವರಿಗೆ ಸಾಯನ್ ಆಸ್ಪತ್ರೆ ಇದೆ. ಎರಡೂ ನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳು. ಮಾನಸಿಕ ವಿಭಾಗದಲ್ಲಿ ಕೇಳಬೇಕು. ಸರಕಾರದ ವ್ಯಸನಮುಕ್ತಿ ಸಹಾಯವಾಣಿ 14446, ದುಡ್ಡು ಬೀಳುವುದಿಲ್ಲ. ಜೋಡಿಯಾದವನ ಮೊದಲ ಕೆಲಸ ಇಂಥವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು. ಕುಂದಾಪುರದ ನಮ್ಮ ಸೋದರನ ಪಕ್ಕದಲ್ಲಿ ಇದನ್ನು ತಿಳಿದ ಒಬ್ಬನಿದ್ದರೆ ಆತ ಈ ಪತ್ರಿಕೆಯನ್ನು ಇಂದು ಓದುತ್ತಿದ್ದ.

ಊರಿನಲ್ಲಿರುವ ಅಕ್ಕತಂಗಿಯರಿಗೂ ಒಂದು ಮಾತು ಮುಟ್ಟಿಸಿ. ಕುಡಿತ ಬಿಡಿಸುವ ಗುಳಿಗೆಯನ್ನು ಗಂಡನಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವುದುಂಟು. ಆ ಗುಳಿಗೆ ಹೊಟ್ಟೆಯಲ್ಲಿರುವಾಗ ಕುಡಿದರೆ ಹೃದಯಕ್ಕೇ ಅಪಾಯ. ಡಾಕ್ಟರರ ಎದುರು, ಗಂಡನ ಒಪ್ಪಿಗೆಯಿಂದ ಮಾತ್ರ ಅದನ್ನು ಕೊಡಬೇಕು.

ಧನಿಗಳಿಗೆ, ಹಿರಿಯರಿಗೆ, ನಮಗೆ

ಧನಿಗಳು ಹೇಳುತ್ತಾರೆ: ಕೆಲಸದವರು ಕುಡುಕರು, ಏನು ಮಾಡೋಣ? ನಾವು ಕೇಳುತ್ತೇವೆ: ಬೆಳಿಗ್ಗೆ ಐದರಿಂದ ರಾತ್ರಿ ಹನ್ನೆರಡರವರೆಗೆ ನಿಂತ ಕಾಲಿಗೆ ನೀವು ಏನು ಔಷಧಿ ಇಟ್ಟಿದ್ದೀರಿ? 1948ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನಿನಲ್ಲೂ, ಅದರ ಬದಲು ಬಂದ 2017ರ ಕಾನೂನಿನಲ್ಲೂ ವಾರದ ರಜೆ ಬರೆದಿದೆ. ಎಷ್ಟು ಹೋಟೆಲುಗಳಲ್ಲಿ ಅದು ಗೋಡೆಯ ಮೇಲಿನ ಕಾಗದವಾಗಿ ಉಳಿದಿದೆ? ರಜೆ ಕೊಡಿ. ಪರ್ಮಿಟ್ ರೂಮಿನಲ್ಲಿದ್ದು ಕುಡಿತ ಬಿಡಬೇಕೆನ್ನುವವನನ್ನು ಅಡುಗೆ ಕಡೆಗೆ ಬದಲಿಸಿ. ಪಗಾರವನ್ನು ನಡುರಾತ್ರಿ ಕೈಗೆ ಕೊಡದೆ ಬ್ಯಾಂಕಿಗೆ ಹಾಕಿ. ಆಸ್ಪತ್ರೆಗೆ ಸೇರಿದವನ ಜಾಗವನ್ನು ಕಾಯ್ದಿಡಿ. ಒಂದು ಮಾತು ಸ್ಪಷ್ಟವಿರಲಿ: ಜೋಡಿಯ ಪುಸ್ತಕ ಧನಿಯ ಕೈಗೆ ಹೋಗತಕ್ಕದ್ದಲ್ಲ. ಅದನ್ನು ತೋರಿಸಿ ಒಬ್ಬನನ್ನು ಕೆಲಸದಿಂದ ತೆಗೆದರೆ ಸಂಘ ಸುಮ್ಮನೆ ಕೂರುವುದಿಲ್ಲ.

ಗಿರಣಿಯ ಹಿರಿಯರೇ, ನಿಮ್ಮ ಗಿರಣಿಗಳ ಭೋಂಗಾ ನಿಂತುಹೋಯಿತು. 1982ರ ಜನವರಿ 18ರಂದು ಶುರುವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಬಹಳ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಕೆಲಸ ಹೋದ ಮೇಲೆ ಚಾಳಿನಲ್ಲಿ ಯಾರು ಕುಡಿತಕ್ಕೆ ಬಿದ್ದರು, ಯಾರ ಮನೆ ಮುರಿಯಿತು ಎಂಬುದನ್ನು ನೀವು ಕಣ್ಣಾರೆ ಕಂಡವರು. ಸಾಚೆಯಲ್ಲಿ ಪಕ್ಕದವನು ನೀರು ಕುಡಿಯಲು ಹೋದಾಗ ಅವನ ಮಗ್ಗವನ್ನೂ ನೀವೇ ನೋಡಿಕೊಳ್ಳುತ್ತಿದ್ದಿರಿ ಎಂದು ಹೇಳುತ್ತೀರಲ್ಲ, ಆ ಅಭ್ಯಾಸ ಈಗ ನಮಗೆ ಬೇಕಾಗಿದೆ. ನಿಮಗೆ ಸಂಜೆ ಬಿಡುವಿದೆ, ಅನುಭವವಿದೆ. ಒಬ್ಬೊಬ್ಬ ಹುಡುಗನಿಗೆ ಒಬ್ಬೊಬ್ಬರು ಜೋಡಿಯಾಗಿ.

ಕೊನೆಯದಾಗಿ ಸಂಘದ ನಮ್ಮದೇ ತಪ್ಪು. ವಾರ್ಷಿಕೋತ್ಸವದಲ್ಲಿ ವೇದಿಕೆಯ ಮೇಲೆ ಕಾರ್ಮಿಕರ ಏಳಿಗೆಯ ಭಾಷಣ ಮಾಡಿ, ಪರದೆ ಇಳಿದ ಮೇಲೆ ಹಿಂದಿನ ಕೋಣೆಯಲ್ಲಿ ಕಾರ್ಯಕಾರಿ ಸಮಿತಿಯವರೇ ಬಾಟ್ಲಿ ತೆರೆದದ್ದು ಉಂಟು. ಚುನಾವಣೆಯ ಮುನ್ನಾದಿನ ಮತಕ್ಕಾಗಿ ಪಾರ್ಟಿ ಕೊಟ್ಟದ್ದೂ ಉಂಟು. ಇದನ್ನು ನಿಲ್ಲಿಸದೆ ಸಪ್ಲಾಯರ್ ಹುಡುಗನಿಗೆ ಲೆಕ್ಕ ಕೇಳುವ ಹಕ್ಕು ನಮಗಿಲ್ಲ. ಬರುವ ಸಭೆಯಲ್ಲಿ ಈ ಬಗ್ಗೆ ಠರಾವು ತರುತ್ತೇವೆ; ಸದಸ್ಯರು ಬಂದು ಕೈ ಎತ್ತಬೇಕು.

ಬಂಧುಗಳೇ, ಕುಂದಾಪುರದ ಸೋದರನಿಗೆ ಕೂಡಿಸಿದ ವಂತಿಗೆಯಲ್ಲಿ ಆಂಬುಲೆನ್ಸಿನ ಖರ್ಚು ಹೋಗಿ ಉಳಿದ ಹಣವನ್ನು ಆತನ ಹೆಂಡತಿಯ ಕೈಗೆ ಮುಟ್ಟಿಸಿದ್ದೇವೆ. ಆಕೆ ಲೆಕ್ಕದ ಚೀಟಿ ಕೇಳಲಿಲ್ಲ, "ಅವರು ಅಲ್ಲಿ ಯಾರ ಜೊತೆ ಇದ್ದರು?" ಎಂದು ಮಾತ್ರ ಕೇಳಿದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಇನ್ನೊಬ್ಬ ಹೆಣ್ಣುಮಗಳು ಹಾಗೆ ಕೇಳುವಂತೆ ಆಗಬಾರದು. ಈ ಪತ್ರಿಕೆಯನ್ನು ಮಡಚಿಟ್ಟು, ಇಂದು ರಾತ್ರಿ ಶಟರ್ ಎಳೆದ ಮೇಲೆ, ನಿಮ್ಮ ಪಕ್ಕದ ಚಾಪೆಯವನನ್ನು ಮೆಲ್ಲನೆ ಕೇಳಿ: "ಇವತ್ತು ಎಷ್ಟು?" ಅವನು ಸುಳ್ಳು ಹೇಳಿದರೂ ಪರವಾಗಿಲ್ಲ, ಬರೆದುಕೊಳ್ಳಿ. ನಾಳೆಯೂ ಕೇಳಿ.